45 ದಾಟಿದ ಮೇಲೆ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ: ರೋಗ ಎಣಿಸಬೇಡಿ, ಷರತ್ತು ಓದಿ

ನಮ್ಮ ಬೀದಿಯ ಮೇಷ್ಟ್ರೊಬ್ಬರಿಗೆ ಟ್ರೆಡ್‌ಮಿಲ್ ಟೆಸ್ಟ್‌ನಲ್ಲಿ ಅನುಮಾನ ಬಂತು. ಆಂಜಿಯೋಗ್ರಾಂ ಮಾಡಿ ಎರಡು ಸ್ಟೆಂಟ್ ಹಾಕಿದರು. ‘ಹಾರ್ಟಿಗೇ ಅಂತ ಪಾಲಿಸಿ ಇದೆ, 10 ಲಕ್ಷ ಬರುತ್ತೆ’ ಎಂದು ಧೈರ್ಯವಾಗಿದ್ದರು. ಒಂದು ರೂಪಾಯಿಯೂ ಬರಲಿಲ್ಲ. ಕಂಪನಿ ಮೋಸವೇನೂ ಮಾಡಿರಲಿಲ್ಲ. ಪಾಲಿಸಿಯಲ್ಲಿ ಇದ್ದದ್ದು ಹಾರ್ಟ್ ಅಟ್ಯಾಕ್ ಮತ್ತು ಎದೆ ತೆರೆದು ಮಾಡುವ ಬೈಪಾಸ್. ಇವರಿಗೆ ಎರಡೂ ಆಗಿರಲಿಲ್ಲ.

1. ಮೊದಲು ಮೆಡಿಕ್ಲೈಮ್ ಇರಲಿ. ಅದು ಆಸ್ಪತ್ರೆ ಬಿಲ್ ಕಟ್ಟುತ್ತದೆ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ, ಪಟ್ಟಿಯಲ್ಲಿರುವ ದೊಡ್ಡ ಕಾಯಿಲೆ ಖಚಿತವಾದರೆ ಇಡುಗಂಟು ಕೊಡುತ್ತದೆ. ಸಂಬಳ ನಿಂತಾಗ ಮನೆ ನಡೆಸೋಕೆ.

2. ಮೊತ್ತ: ಎರಡು ವರ್ಷದ ಮನೆ ಖರ್ಚು, ಜೊತೆಗೆ ಅಷ್ಟೂ ತಿಂಗಳ ಇಎಂಐ. ಸಾಕು.

3. ಎಲ್ಲರೂ ಎಡವುವುದು ಇಲ್ಲಿ. ಬ್ರೋಷರ್‌ನಲ್ಲಿ ಎಷ್ಟು ರೋಗ ಇದೆ ಅಂತ ಎಣಿಸುತ್ತಾ ಕೂರಬೇಡಿ. 22 ರೋಗಗಳಿಗೆ ವಿಮಾ ನಿಯಂತ್ರಕ ಐಆರ್‌ಡಿಎಐ ಒಂದೇ ವ್ಯಾಖ್ಯೆ ಗೊತ್ತು ಮಾಡಿದೆ. ಕಂಪನಿ ಯಾವುದಾದರೂ ಅವುಗಳ ಮಾತು ಒಂದೇ. ಆ ಮಾತು ಎಷ್ಟು ಬಿಗಿ ನೋಡಿ. ಸ್ಟ್ರೋಕ್ ಆದರೆ ಸಾಲದು, ನರದ ತೊಂದರೆ ಕನಿಷ್ಠ 3 ತಿಂಗಳು ಉಳಿದಿರಬೇಕು. ಕಿಡ್ನಿ ‘ವೀಕ್’ ಆದರೆ ಸಾಲದು, ನಿಯಮಿತ ಡಯಾಲಿಸಿಸ್ ಶುರುವಾಗಿರಬೇಕು ಅಥವಾ ಬದಲಿ ಕಿಡ್ನಿ ಹಾಕಿರಬೇಕು. ಹುಟ್ಟಿದ ಜಾಗದಿಂದ ಇನ್ನೂ ಒಳಕ್ಕೆ ಇಳಿಯದ ಕ್ಯಾನ್ಸರ್, ಥೈರಾಯ್ಡ್‌ನ ಪುಟ್ಟ ಆರಂಭಿಕ ಗಡ್ಡೆ ಲೆಕ್ಕಕ್ಕಿಲ್ಲ. ಶುರುವಿನ ಹಂತಕ್ಕೂ ಒಂದಿಷ್ಟು ಭಾಗ ಕೊಡುವ ಪಾಲಿಸಿಗಳಿವೆ. ಪ್ರೀಮಿಯಂ ಜಾಸ್ತಿ ಕೊಡುವುದಾದರೆ ಅದಕ್ಕೆ ಕೊಡಿ, ಹೆಸರೇ ಕೇಳದ ಇನ್ನಿಪ್ಪತ್ತು ರೋಗಗಳಿಗಲ್ಲ.

ಪಾಲಿಸಿಯ ಪೂರ್ತಿ ಷರತ್ತುಗಳ ಪಿಡಿಎಫ್ ಇಳಿಸಿಕೊಂಡು, ‘ಇವು ಸೇರುವುದಿಲ್ಲ’ ಅನ್ನುವ ಸಾಲುಗಳಿಗೆ ಕೆಂಪು ಪೆನ್ನಲ್ಲಿ ಗೆರೆ ಎಳೆಯಿರಿ. ಅಪ್ಪ, ಅಮ್ಮ, ಚಿಕ್ಕಪ್ಪಂದಿರಿಗೆ ಬಂದ ಕಾಯಿಲೆ ಪಕ್ಕದಲ್ಲಿ ಬರೆಯಿರಿ. ಆ ಹಾಳೆಯನ್ನು ನಿಮ್ಮ ಮಾಮೂಲಿ ಡಾಕ್ಟರಿಗೆ ತೋರಿಸಿ. ಏಜೆಂಟಿಗಲ್ಲ. ಇನ್ನೆರಡು ಅಂಕಿ ಹುಡುಕಿ: ಪಾಲಿಸಿ ಶುರುವಾದ ಮೇಲೆ ರಕ್ಷಣೆ ಸಿಗಲು ಕಾಯಬೇಕಾದ ದಿನ, ಸಾಮಾನ್ಯವಾಗಿ 90. ಕಾಯಿಲೆ ಗೊತ್ತಾದ ಮೇಲೆ ಹಣ ಸಿಗಲು ಬದುಕಿರಲೇಬೇಕಾದ ದಿನ, ಹೆಚ್ಚಾಗಿ 30.

4. ಪ್ರೀಮಿಯಂ. ಈ ವರ್ಷದ ರೇಟ್ ಅಷ್ಟೇ ತೋರಿಸಿದರೆ ಎದ್ದು ಬನ್ನಿ. ಹೆಲ್ತ್ ಕಂಪನಿಗಳ ಬಿಡಿ ಪಾಲಿಸಿಗಳು ವಯಸ್ಸಿನ ಗುಂಪು ದಾಟಿದಂತೆಲ್ಲ ಜಿಗಿಯುತ್ತವೆ. 65ರವರೆಗಿನ ಚಾರ್ಟ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಚೀಟಿಯಲ್ಲಿ ಇನ್ನೂ 18% ಇದ್ದರೆ ಅದು ಹಳೇ ಲೆಕ್ಕ.

ಟರ್ಮ್ ಪಾಲಿಸಿಗೆ (ಸತ್ತರೆ ಮನೆಯವರಿಗೆ ದುಡ್ಡು ಕೊಡುವ ಜೀವವಿಮೆ) ಜೋಡಿಸಿಕೊಳ್ಳುವ ಕ್ರಿಟಿಕಲ್ ಇಲ್‌ನೆಸ್ ರೈಡರ್ ಅಗ್ಗ ಅನ್ನಿಸುತ್ತೆ, ಅಲ್ವಾ? ‘ಆಕ್ಸಿಲರೇಟೆಡ್’ ಅಂತಿದ್ದರೆ ಹುಷಾರು. ಕಾಯಿಲೆಗೆ ಕೊಟ್ಟಷ್ಟನ್ನೂ ಸಾವಿನ ಮೊತ್ತದಿಂದ ಕಳೆಯುತ್ತಾರೆ. ಹೆಂಡತಿ ಮಕ್ಕಳ ದುಡ್ಡನ್ನೇ ನಿಮಗೆ ಮುಂಗಡ ಕೊಟ್ಟಂತೆ. ನಾನಂತೂ ಬೇರೆಯಾಗಿಯೇ ತೆಗೆದುಕೊಂಡಿದ್ದೇನೆ.

5. ಅರ್ಜಿ ನೀವೇ ತುಂಬಿ. ‘ಶುಗರ್ ಸ್ವಲ್ಪ ಇದೆ, ಬರೆಯೋದು ಬೇಡ ಬಿಡಿ ಸಾರ್’ ಅನ್ನುವ ಏಜೆಂಟ್ ಕ್ಲೈಮ್ ದಿನ ಫೋನ್ ಎತ್ತುವುದಿಲ್ಲ.

6. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡವೆಂದು ವಾಪಸ್ ಮಾಡಬಹುದು. ಬೀರುವಿನಲ್ಲಿ ಇಡುವ ಮುಂಚೆ, ನಿಮ್ಮ ಅರ್ಜಿಯ ಪ್ರತಿ ತೆಗೆದು ಶುಗರ್, ಬಿಪಿ ಎದುರು ಏನಿದೆ ಅಂತ ಒಮ್ಮೆ ನೋಡಿ.