ಬಿಳಿ ಕೂದಲು, ಕಪ್ಪು ಕೋಟು

ವಕೀಲರು ಏನು ತೊಡಬೇಕು ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ ಬರೆದಿದೆ. ಹೆಂಗಸರಿಗೆ ಸೀರೆ ಆಗಬಹುದು, ಉದ್ದ ಲಂಗ ಆಗಬಹುದು, ಚೂಡಿದಾರವೂ ಆಗಬಹುದು. ಚೂಡಿದಾರಕ್ಕೆ ದುಪಟ್ಟಾ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮೇಲೆ ಕಪ್ಪು ಕೋಟು, ಕತ್ತಿಗೆ ಬಿಳಿ ಬ್ಯಾಂಡ್. ಕೂದಲಿನ ಬಗ್ಗೆ ಅಲ್ಲಿ ಒಂದು ಅಕ್ಷರವೂ ಇಲ್ಲ. ಹಾಸನ ಜಿಲ್ಲೆಯಲ್ಲಿ ವಕೀಲಿ ಮಾಡುವ ನನಗೆ ಜನ ಹೇಳಿದ ಬುದ್ಧಿಮಾತಿನಲ್ಲಿ ಮುಕ್ಕಾಲು ಪಾಲು ಕೂದಲಿನದೇ.

ಡೈ ಹಾಕುವುದನ್ನು ನಾನಾಗಿ ಬಿಡಲಿಲ್ಲ, ಮೈಗೆ ಒಗ್ಗದೆ ಬಿಟ್ಟೆ. ಹಚ್ಚಿದ ಮಾರನೇ ದಿನ ಕಿವಿಯ ಹಿಂದೆ ಕೆರೆತ, ರೆಪ್ಪೆ ಊತ. ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿದರು. 48 ಗಂಟೆ ಬಿಟ್ಟು ತೆಗೆದು ನೋಡಿದರು. ಪಿಪಿಡಿ ಅನ್ನುವ ರಾಸಾಯನಿಕ ನನಗೆ ಆಗುವುದಿಲ್ಲ ಅಂತ ಗೊತ್ತಾಯಿತು. ಕೂದಲಿಗೆ ಕಪ್ಪು ಕೊಡುವ ಹೆಚ್ಚಿನ ಡೈಗಳಲ್ಲಿ ಅದು ಇರುತ್ತದೆ. ಡಬ್ಬಿಯ ಮೇಲೆ 'ಅಮೋನಿಯಾ ಇಲ್ಲ' ಅಂತ ಇದ್ದರೆ ಪಿಪಿಡಿಯೂ ಇಲ್ಲ ಅಂತ ಅರ್ಥವಲ್ಲ. ಕರಿ ಮೆಹಂದಿ ಅಂತ ಮಾರುವ ಪುಡಿಗಳಲ್ಲೂ ಅದೇ ಇರಬಹುದು. ಬರೀ ಗೋರಂಟಿ ಹಚ್ಚಿದರೆ ಬಿಳಿ ಕೂದಲು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ನನಗೆ ಇಷ್ಟವಿಲ್ಲ. ಸರಿ, ಬಿಟ್ಟೇ ಬಿಡೋಣ ಅಂದುಕೊಂಡೆ.

ಕಷ್ಟ ಇರುವುದು ಮಧ್ಯದ ತಿಂಗಳುಗಳಲ್ಲಿ. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡ ಬಿಳಿ, ಕೆಳಗೆ ಡೈ ಮಾಡಿದ ಕಪ್ಪು, ನಡುವೆ ಗೆರೆ ಎಳೆದ ಹಾಗೆ. ನಾನು ಭುಜದವರೆಗೆ ಕತ್ತರಿಸಿದೆ. ನೆತ್ತಿಯ ಮೇಲೆ ನೇರವಾಗಿ ತೆಗೆಯುತ್ತಿದ್ದ ಬೈತಲೆಯನ್ನು ಪಕ್ಕಕ್ಕೆ ತೆಗೆದೆ. ಗೆರೆ ಅಷ್ಟು ಎದ್ದು ಕಾಣಲಿಲ್ಲ. ಪಾರ್ಲರಿನ ಹುಡುಗಿ ಮಾತ್ರ ಪ್ರತಿ ಸಲವೂ "ಮೇಡಂ, ಕಲರ್ ಮಾಡಿಬಿಡ್ಲಾ?" ಅಂತ ಕೇಳುತ್ತಿದ್ದಳು. ಪಾಪ, ಅವಳ ವ್ಯಾಪಾರ.

ಕೋರ್ಟಿನಲ್ಲಿ ವಕೀಲರು ಕೂರುವ ಬಾರ್ ರೂಮಿನಲ್ಲಿ ಒಬ್ಬರು "ಏನ್ ಮೇಡಂ, ಸನ್ಯಾಸ ತಗೊಂಡ್ರಾ?" ಅಂದರು. ಅವರ ತಲೆಯೂ ಪೂರ್ತಿ ಬಿಳಿಯೇ. ಅವರನ್ನು ಎಲ್ಲರೂ ಸೀನಿಯರ್ ಅನ್ನುತ್ತಾರೆ, ಕುರ್ಚಿ ಬಿಟ್ಟುಕೊಡುತ್ತಾರೆ. ನನಗೆ ಸಿಕ್ಕಿದ್ದು "ಹುಷಾರಿಲ್ವಾ?" ಅನ್ನುವ ಪ್ರಶ್ನೆ. ಮೊದಮೊದಲು ಅಲರ್ಜಿ ಕಥೆಯನ್ನೆಲ್ಲ ಹೇಳುತ್ತಿದ್ದೆ. ಹೇಳಿದರೆ ಕೇಳಿದವರು ಮನೆಮದ್ದು ಶುರು ಮಾಡುತ್ತಾರೆ. ಭೃಂಗರಾಜ, ನೆಲ್ಲಿಕಾಯಿ, ಕರಿಬೇವಿನ ಎಣ್ಣೆ. ಆಮೇಲೆ "ಹೌದು, ಬಿಟ್ಟೆ. ನಿಮ್ಮ ಆ ಕೇಸು ಎಲ್ಲಿಗೆ ಬಂತು?" ಅಂತ ಕೇಳಲು ಶುರು ಮಾಡಿದೆ. ತಮ್ಮ ಕೇಸಿನ ಮಾತು ಬಂದರೆ ಯಾವ ವಕೀಲರೂ ಬೇರೆಯವರ ತಲೆ ನೋಡುವುದಿಲ್ಲ.

ಮನೆಯ ಕಡೆಯವರದ್ದು ಇನ್ನೊಂದು ಥರ. ನಮ್ಮ ಯಜಮಾನರು ಈಗಲೂ ಡೈ ಹಾಕುತ್ತಾರೆ. ಒಂದು ಮದುವೆಯಲ್ಲಿ ಯಾರೋ ನನ್ನ ಹತ್ತಿರ "ಇವರು ನಿಮ್ಮ ತಮ್ಮನಾ?" ಅಂದರು. ನಾದಿನಿ ಅದನ್ನು ಊರೆಲ್ಲ ಹೇಳಿಕೊಂಡು ಬಂದಳು. ಯಜಮಾನರು ಆವತ್ತು ಬಲು ಖುಷಿಯಾಗಿದ್ದರು ಅನ್ನುವುದನ್ನೂ ಹೇಳಬೇಕು.

ನಾನು ಎಣಿಸದೇ ಇದ್ದದ್ದು ಕಕ್ಷಿದಾರರ ವಿಷಯ. ನನ್ನ ಹತ್ತಿರ ಬರುವುದು ಹೆಣ್ಣುಮಕ್ಕಳು ಪಾಲು ಕೇಳುವ ದಾವೆಗಳೇ ಜಾಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಅದು ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಕಾನೂನು ಹೀಗೆ ಗಟ್ಟಿಯಾಗಿದ್ದರೂ ಅಣ್ಣತಮ್ಮಂದಿರ ಮೇಲೆ ಕೇಸು ಹಾಕಲು ಬರುವ ಹೆಂಗಸಿಗೆ ಎದೆ ನಡುಗುತ್ತಿರುತ್ತದೆ. ತವರು ತಪ್ಪಿಹೋಗುತ್ತದಲ್ಲ ಅನ್ನುವ ಭಯ. ಕಪ್ಪು ತಲೆಯಲ್ಲಿದ್ದಾಗ ನನ್ನನ್ನು ಕೇಳುತ್ತಿದ್ದದ್ದು "ಎಷ್ಟು ವರ್ಷ ಆಗುತ್ತೆ, ಎಷ್ಟು ಖರ್ಚು?" ಅಂತ. ಬಿಳಿ ತಲೆ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಅರಕಲಗೂಡು ಕಡೆಯ ಒಬ್ಬರು "ಲಾಯರಮ್ಮ, ನೀವೇ ಒಂದ್ಸಲ ನಮ್ಮಣ್ಣನ ಹತ್ರ ಮಾತಾಡಿ, ದೊಡ್ಡೋರ ಮಾತು ಕೇಳ್ತಾನೆ" ಅಂದರು. ಎದುರು ಪಾರ್ಟಿಯ ಜೊತೆ ನಾನು ನೇರ ಮಾತಾಡುವ ಹಾಗಿಲ್ಲ, ಅವರ ವಕೀಲರ ಮೂಲಕವೇ ಆಗಬೇಕು ಅಂತ ವಿವರಿಸಿದೆ. ಆದರೂ ರಾಜಿಗೆ ಕೂತ ದಿನ ಆ ಅಣ್ಣ ನನ್ನನ್ನು ಕಂಡ ಕೂಡಲೇ ಎದ್ದು ನಿಂತ. ಅಷ್ಟರಲ್ಲೇ ಮಾತಿನ ಬಿಸಿ ಸ್ವಲ್ಪ ಇಳಿಯಿತು.

ಇದರಲ್ಲಿ ಒಂದು ತೊಡಕಿದೆ. ಕಾನೂನು ಓದಿ ಮುಗಿಸಿ, ಮದುವೆ, ಮಕ್ಕಳು ಅಂತ ಮನೆಯಲ್ಲಿದ್ದು, ನಾನು ವಕೀಲಿ ಮಾಡಲು ಸನ್ನದು ಪಡೆದದ್ದು 2014ರಲ್ಲಿ. ತಲೆ ನೋಡಿದವರು ಇಪ್ಪತ್ತೈದು, ಮೂವತ್ತು ವರ್ಷದ ಅನುಭವ ಇದೆ ಅಂದುಕೊಳ್ಳುತ್ತಾರೆ. ಕೂದಲು ತಂದುಕೊಟ್ಟ ಆ ನಂಬಿಕೆಯನ್ನು ಸುಮ್ನೆ ಜೇಬಿಗೆ ಹಾಕಿಕೊಳ್ಳುವುದು ಸರಿ ಅನ್ನಿಸಲಿಲ್ಲ. ಹಾಗಾಗಿ ವಕಾಲತ್ತಿಗೆ ಸಹಿ ಹಾಕಿಸುವ ಮುಂಚೆಯೇ ಇಸವಿ ಹೇಳಿಬಿಡುತ್ತೇನೆ. ಕೆಲವರ ಮುಖ ಸಪ್ಪಗಾಗುತ್ತದೆ. ಎದ್ದು ಹೋದವರೂ ಇದ್ದಾರೆ, ಹೋಗಲಿ.

ಇನ್ನು ಚೂಡಿದಾರ. ಬಿಳಿ ತಲೆ ಕೊಟ್ಟ ತೂಕವನ್ನು ಅದು ವಾಪಸ್ ಕಿತ್ತುಕೊಳ್ಳುತ್ತದೆ. ಸ್ಕೂಟಿ ಓಡಿಸಬೇಕು, ಫೈಲು ಹೊತ್ತು ಮಹಡಿ ಹತ್ತಬೇಕು, ಸೆರಗಿನ ಮೇಲೆ ಕೋಟು ಹಾಕಿದರೆ ಭುಜದ ಹತ್ತಿರ ಗಂಟು. ಇದಕ್ಕೇ ಬಿಳಿ ಚೂಡಿದಾರಕ್ಕೆ ಬಂದೆ. "ಈ ವಯಸ್ಸಿಗೆ ಸೀರೆನೇ ಚೆಂದ ಅಲ್ವಾ?" ಅಂತ ಹಿರಿಯರೊಬ್ಬರು ಕೇಳಿದರು. ಜಗಳ ಮಾಡಲಿಲ್ಲ. ನಿಯಮದ ಆ ಪುಟವನ್ನು ಡೈರಿಯಲ್ಲಿ ಅಂಟಿಸಿಕೊಂಡಿದ್ದೆ, ತೆಗೆದು ತೋರಿಸಿದೆ. ಓದಿ, "ಓ, ದುಪಟ್ಟಾನೂ ಬೇಡವಾ!" ಅಂತ ಅವರೇ ಬೆರಗಾದರು. ಆ ಮಾತು ಅಲ್ಲಿಗೆ ನಿಂತಿತು.

ಬೇಸಿಗೆಯಲ್ಲಿ ಕಷ್ಟ ಬೇರೆ. ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕಡೆ ಆಗ ಕೋಟು ಕಡ್ಡಾಯವಲ್ಲ. ಸೆಖೆಗೆ ಹಾಯಾಗಿರುತ್ತದೆ, ನಿಜ. ಆದರೆ ಕೋಟಿಲ್ಲದೆ ಬಿಳಿ ಪ್ಯಾಂಟು ಶರ್ಟಿನಲ್ಲಿ ಬರುವ ಗಂಡಸನ್ನು ವಕೀಲ ಅಂತಲೇ ತಿಳಿಯುತ್ತಾರೆ. ಬಿಳಿ ಚೂಡಿದಾರ, ಬಿಳಿ ಕೂದಲಿನ ಹೆಂಗಸನ್ನು ತಾಲ್ಲೂಕು ಕೋರ್ಟೊಂದರಲ್ಲಿ "ಸಾಕ್ಷಿಗಳು ಹೊರಗೆ ಕೂತ್ಕೊಳ್ಳಿ" ಅಂತ ಕಳಿಸಿದ್ದರು. ಈಗ ಬೇಸಿಗೆಯಲ್ಲಿ ಗೇಟಿನ ಹತ್ತಿರವೇ ಬ್ಯಾಂಡ್ ಕಟ್ಟಿಕೊಳ್ಳುತ್ತೇನೆ. ಗಂಜಿ ಹಾಕಿ ಇಸ್ತ್ರಿ ಮಾಡಿದ್ದಿರಬೇಕು. ಮುದುರಿದ ಬ್ಯಾಂಡ್ ಕಟ್ಟಿದರೆ ಅದಕ್ಕೂ ಒಂದು ಮಾತು ಬರುತ್ತದೆ.

2022ರ ಅಕ್ಟೋಬರಿನಲ್ಲಿ ಪುಣೆಯ ಜಿಲ್ಲಾ ನ್ಯಾಯಾಲಯದಲ್ಲಿ ಒಂದು ನೋಟಿಸ್ ಹಾಕಿದ್ದರು. ಮಹಿಳಾ ವಕೀಲರು ಕಲಾಪದ ನಡುವೆ ಕೂದಲು ಸರಿಮಾಡಿಕೊಳ್ಳುವುದರಿಂದ ಅಡ್ಡಿಯಾಗುತ್ತದೆ, ಹಾಗೆ ಮಾಡಬಾರದು ಅಂತ. ಟೀಕೆ ಬಂದ ಮೇಲೆ ವಾಪಸ್ ತೆಗೆದರು. ಆ ಸುದ್ದಿ ಓದಿ ನಾವು ಹೆಂಗಸರೆಲ್ಲ ನಕ್ಕೆವು. ನಕ್ಕ ಮೇಲೂ ಕೆಲವು ದಿನ, ಮುಖದ ಮೇಲೆ ಬಿದ್ದ ಕೂದಲನ್ನು ಸರಿಸಲು ಕೈ ಎತ್ತುವಾಗ ನನಗೇ ಹಿಂಜರಿಕೆ ಆಗುತ್ತಿತ್ತು.

ಈಗ ನನ್ನ ಹತ್ತಿರ ಒಬ್ಬಳು ಜೂನಿಯರ್ ಇದ್ದಾಳೆ. ಹುಡುಗರ ಹಾಗೆ ಕ್ರಾಪು. ಕಕ್ಷಿದಾರರು ಫೋನಿನಲ್ಲಿ "ಆ ಹುಡುಗ ಎಲ್ಲಿ?" ಅಂತ ಕೇಳುತ್ತಾರೆ, ಎದುರು ಬಂದರೆ ಅವಳನ್ನು ಬಿಟ್ಟು ನನಗೇ ಮಾತು ಹೇಳುತ್ತಾರೆ. ಕೂದಲು ಬೆಳೆಸು ಅಂತ ನಾನಂತೂ ಹೇಳುವುದಿಲ್ಲ. ಪಾರ್ಟಿ ಬಂದ ಕೂಡಲೇ ಫೈಲನ್ನು ಅವಳ ಕೈಗೆ ಕೊಟ್ಟು, "ನಿಮ್ಮ ಕಾಗದ ಪೂರ್ತಿ ಓದಿರೋದು ಇವಳೇ, ಇವಳನ್ನೇ ಕೇಳಿ" ಅಂದು ನಾನು ಒಳಗೆ ಹೋಗುತ್ತೇನೆ. ಮುಂದಿನ ವಾಯಿದೆಗೆ ಪಾಟೀಸವಾಲನ್ನೂ ಅವಳೇ ಮಾಡುತ್ತಾಳೆ.