ಐಸಿಯುನಲ್ಲಿ ಮಲಗಿದವರ ಕೈಕಾಲು ಸೋಲದ ಹಾಗೆ ನೋಡ್ಕೊಳ್ಳೋದು ಹೇಗೆ?

ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಕ್ಕೆ ಬರ್ತಿದ್ದ ಕೊನೆಗೌಡ್ರು ಒಂದು ಮಳೆಗಾಲ ಇಲಿಜ್ವರ ಜೋರಾಗಿ ಶಿವಮೊಗ್ಗದ ಆಸ್ಪತ್ರೆ ಒಂದ್ರಲ್ಲಿ 14 ದಿನ ವೆಂಟಿಲೇಟರ್ ಮೇಲಿದ್ರು. ಜ್ವರ ಬಿಡ್ತು, ಕಿಡ್ನಿ ಸುಧಾರಿಸ್ತು, ಟ್ಯೂಬೂ ತೆಗೆದ್ರು, ಆದ್ರೆ ಅಷ್ಟೆತ್ತರದ ಅಡಿಕೆ ಮರ ಸರಸರ ಹತ್ತೋ ಮನುಷ್ಯಂಗೆ ಗಂಜಿ ಚಮಚ ಬಾಯಿ ತನಕ ಎತ್ತಕ್ಕಾಗ್ತಿರ್ಲಿಲ್ಲ. ಮನೆಯವ್ರು ಲಕ್ವ ಹೊಡೀತು ಅಂತ ಅತ್ರು. ಲಕ್ವ ಅಲ್ಲ ಅದು, ಐಸಿಯುನಲ್ಲಿ ಜೋರು ಕಾಯಿಲೆಯಲ್ಲಿ ಮಲಗಿದವರಿಗೆ ಬರೋ ಕೈಕಾಲಿನ ಸೋಲು. ಲಕ್ವ ಸಾಮಾನ್ಯವಾಗಿ ಒಂದೇ ಕಡೆಗೆ ಬಡಿಯುತ್ತೆ, ಇದು ಎರಡೂ ಕಡೆ ಒಂದೇ ಸಮ.

ರಕ್ತಕ್ಕೆ ನಂಜೇರಿದಾಗ ನರಕ್ಕೂ ಸ್ನಾಯುವಿಗೂ ಪೆಟ್ಟು ಬೀಳುತ್ತೆ, ಜೊತೆಗೆ ಅಲುಗಾಡದೆ ಮಲಗಿರೋದು, ಶುಗರ್ ಏರೋದು, ಕೆಲವು ಔಷಧ ಎಲ್ಲಾ ಸೇರ್ಕೊಳ್ಳುತ್ತೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐಸಿಯು ರೋಗಿಗಳ ತೊಡೆ ಸ್ನಾಯುನ ಸ್ಕ್ಯಾನ್ ಮಾಡಿ ಅಳೆದ್ರೆ 10 ದಿನಕ್ಕೇ ಸರಾಸರಿ ಸುಮಾರು 18% ಸಣ್ಣಗಾಗಿತ್ತು. ಹಂಗಾಗಿ ವಾರ್ಡಿಗೆ ಬಂದ್ಮೇಲೆ ನೋಡೋಣ ಅಂದ್ರೆ ತಡ ಆಯ್ತು ಅಂತ್ಲೇ ಲೆಕ್ಕ.

ಮೊದಲ ದಿನವೇ ಡಾಕ್ಟರನ್ನ ಕೇಳಿ, ನಿದ್ದೆ ಔಷಧ ಇವತ್ತು ಸ್ವಲ್ಪ ಕಡಿಮೆ ಮಾಡಬಹುದಾ ಅಂತ. ಎಚ್ಚರ ಇದ್ರೆ ತಾನೇ ರೋಗಿ ಕೈಕಾಲು ಆಡ್ಸೋದು. ಆಗಲ್ಲ ಅಂದ್ರೆ ವಾದ ಬೇಡ, ಮಾರನೇ ದಿನ ಮತ್ತೆ ಕೇಳಿ.

ಆಮೇಲೆ ಫಿಸಿಯೋಥೆರಪಿಸ್ಟ್. ಪ್ರಜ್ಞೆ ಇಲ್ಲದಿದ್ರೂ ಅವ್ರು ಕೀಲುಗಳನ್ನ ಆಡಿಸ್ತಾರೆ, ಎಚ್ಚರ ಆದ್ಮೇಲೆ ಮಂಚದ ಅಂಚಿಗೆ ಕೂರಿಸ್ತಾರೆ, ವೆಂಟಿಲೇಟರ್ ಇದ್ದಾಗ್ಲೂ ಕೂರಿಸಬಹುದು. ಬೇಗ ಶುರು ಮಾಡಿದವ್ರಲ್ಲಿ ಹೆಚ್ಚು ಜನ ಆಸ್ಪತ್ರೆ ಬಿಡೋ ಹೊತ್ತಿಗೆ ತಮ್ಮ ಕೆಲಸ ತಾವೇ ಮಾಡ್ಕೊಳ್ತಿದ್ರು ಅಂತ 2009ರ ಅಧ್ಯಯನ ಒಂದು ತೋರಿಸ್ತು. ಹಾಗಂತ ಜಾಸ್ತಿ ಮಾಡಿದ್ರೆ ಜಾಸ್ತಿ ಲಾಭ ಅನ್ಕೋಬೇಡಿ, 2022ರ ದೊಡ್ಡ ಅಧ್ಯಯನದಲ್ಲಿ ಮಾಮೂಲಿಗಿಂತ ಹೆಚ್ಚು ಕಸರತ್ತು ಮಾಡ್ಸಿದ್ರಿಂದ ಹೆಚ್ಚುವರಿ ಲಾಭ ಕಾಣ್ಲಿಲ್ಲ, ಎದೆಬಡಿತ ಬಿಪಿ ಏರುಪೇರು ಮಾತ್ರ ಜಾಸ್ತಿ ಆಯ್ತು. ಮನೆಯವ್ರು ತಾವಾಗೇ ಎತ್ತಿ ಕೂರಿಸೋದು ಅಂತೂ ಬೇಡವೇ ಬೇಡ, ಮೈ ತುಂಬ ಪೈಪ್ ಇರ್ತವೆ.

ನೀವು ನೋಡಬೇಕಾದ್ದು ಪಾದ. ಬೆರಳು ಕೆಳಗೆ ಜೋತುಬಿದ್ದಿದ್ರೆ ನರ್ಸಿಗೆ ಹೇಳಿ, ಪಾದ ನೆಟ್ಟಗೆ ನಿಲ್ಲೋ ಹಾಗೆ ಆಸರೆ ಕೊಡ್ತಾರೆ. ಮಂಡಿಯ ಹೊರಗಡೆ, ಸ್ವಲ್ಪ ಕೆಳಗೆ, ಒಂದು ನರ ಚರ್ಮಕ್ಕೆ ತೀರಾ ಹತ್ರ ಹಾದುಹೋಗುತ್ತೆ, ಕಾಲು ಹೊರಕ್ಕೆ ವಾಲಿ ಮಂಚದ ಕಂಬಿಗೆ ಒತ್ತಿದ್ರೆ ಅದೂ ಹಾಳಾಗಿ ಪಾದ ಜೋತುಬೀಳಬಹುದು.

ಶುಗರ್ ಸಾಮಾನ್ಯವಾಗಿ 140ರಿಂದ 180ರೊಳಗೆ ಇಡಕ್ಕೆ ನೋಡ್ತಾರೆ, ತೀರಾ ಇಳಿಸೋದೂ ಅಪಾಯವೇ. ಇದೆಲ್ಲ ಅವ್ರು ಅಳೆದು ನೋಡಿ ಮಾಡೋದು, ಹಂಗಾಗಿ ಕದ್ದು ಎಳನೀರು ಕುಡ್ಸೋದು ಬಿಡಿ. ಊಟ ಟ್ಯೂಬಲ್ಲಿ ಎಷ್ಟು ಅನ್ನೋದು ಡೈಟಿಷಿಯನ್ ಲೆಕ್ಕ.

ಎಚ್ಚರ ಆದ್ಮೇಲೆ ಬಲ ಎಷ್ಟಿದೆ ಅಂತ ಕೇಳಿ. ಎರಡೂ ಕಡೆಯ ಕೈಕಾಲಲ್ಲಿ ಒಟ್ಟು 12 ಜಾಗದ ಬಲ ನೋಡ್ತಾರೆ, ಒಂದೊಂದಕ್ಕೆ ಹೆಚ್ಚೆಂದ್ರೆ 5 ಅಂಕ, ಒಟ್ಟು 60. 48ಕ್ಕಿಂತ ಕೆಳಗಿದ್ರೆ ಈ ಸೋಲು ಇದೆ ಅಂತ ಅರ್ಥ, ಮನೆಗೆ ಬಂದ್ಮೇಲೂ ತಿಂಗಳುಗಟ್ಟಲೆ ಫಿಸಿಯೋ ಬೇಕಾಗಬಹುದು.

ನಮ್ಮ ಗೌಡ್ರು ಆ ವರ್ಷದ ಕೊಯ್ಲಿಗೆ ಕೆಳಗೆ ನಿಂತು ಹಗ್ಗ ಹಿಡಿದ್ರು ಅಷ್ಟೇ. ಮುಂದಿನ ಮಳೆಗಾಲಕ್ಕೆ ಕೊಳೆರೋಗದ ಔಷಧ ಬೋರ್ಡೋ ಹೊಡೆಯಕ್ಕೆ ಅವ್ರೇ ಮರ ಹತ್ತಿದ್ರು, ಎರಡು ಮರಕ್ಕೊಂದು ಸಲ ಇಳಿದು ಕೂತು ಎಲೆಅಡಿಕೆ ಹಾಕ್ಕೊಂಡು.