ಅಪ್ಪ, ಅಬ್ಬ, ಆತ, ಆಟ: ಧ್ವನಿಗಳನ್ನು ವಿಂಗಡಿಸಲು ಕಲಿಸಿದ ನನ್ನ ಅನುಭವ

ಬೆಳಗಾವಿಯಲ್ಲಿ ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಧ್ವನಿವಿಜ್ಞಾನ ಕಲಿಸಲು ತೊಡಗಿದಾಗ, 25 ವರ್ಗೀಯ ವ್ಯಂಜನಗಳ ಚೌಕವನ್ನು ಹಲಗೆಯ ಮೇಲೆ ಬರೆದರೆ ಅರ್ಧ ಕೆಲಸ ಮುಗಿಯಿತೆಂದೇ ಭಾವಿಸಿದ್ದೆ. ಅಡ್ಡಸಾಲು ಉಚ್ಚಾರಣೆಯ ಸ್ಥಾನವನ್ನೂ ಕಂಬಸಾಲು ಘೋಷ (ಗಂಟಲಿನ ನಡುಕ), ಪ್ರಾಣ (ಉಸಿರಿನ ಒತ್ತು), ಅನುನಾಸಿಕತೆ (ಮೂಗಿನಿಂದ ಹೊಮ್ಮುವ ದನಿ) ಇವುಗಳನ್ನೂ ತೋರಿಸುವಷ್ಟು ಅಚ್ಚುಕಟ್ಟಾದ ಚೌಕವದು. ವಿದ್ಯಾರ್ಥಿಗಳು ಅದನ್ನು ಮಗ್ಗಿಯಂತೆ ಒಪ್ಪಿಸಿದರು. ಆದರೆ ತಮ್ಮ ನಾಲಗೆ ಎಲ್ಲಿ ತಾಗುತ್ತಿದೆ ಎಂದು ಕೇಳಿದರೆ ಸುಮ್ಮನಾದರು.

ಘೋಷದ ಪಾಠದಲ್ಲಿ ನಾನೇ ಎಡವಿದೆ. ಗಂಟಲ ಮೇಲೆ ಬೆರಳಿಟ್ಟು ಕ, ಗ ಎನ್ನಲು ಹೇಳಿದಾಗ, ಎರಡರಲ್ಲೂ ಗಂಟಲು ನಡುಗುತ್ತದೆ ಎಂದು ಒಬ್ಬಳು ತಕರಾರು ತೆಗೆದಳು. ಅವಳ ಮಾತು ಸರಿಯಾಗಿತ್ತು: ಅಕ್ಷರದೊಳಗಿನ ಅಕಾರವೇ ಘೋಷಧ್ವನಿಯಾದ್ದರಿಂದ ಕ ಎಂದರೂ ನಡುಕ ಬಂದೇ ಬರುತ್ತದೆ. ಮರುದಿನ ಅಪ್ಪ, ಅಬ್ಬ ಎಂದು ನಿಧಾನವಾಗಿ ಹೇಳಿಸಿದೆ. ತುಟಿ ಮುಚ್ಚಿದ ಆ ಕ್ಷಣದಲ್ಲಿ ಅಪ್ಪದ ನಡುಕ ನಿಲ್ಲುತ್ತದೆ, ಅಬ್ಬದ್ದು ಮುಂದುವರಿಯುತ್ತದೆ. ನಮ್ಮ ಒತ್ತಕ್ಷರಗಳು ಇಂಥ ಪರೀಕ್ಷೆಗೆ ಹೇಳಿ ಮಾಡಿಸಿದಂತಿವೆ. ಮಹಾಪ್ರಾಣದ ಉಸಿರನ್ನು ತೋರಿಸಲು ಬಾಯಿಯ ಮುಂದೆ ಹಿಡಿದ ಕಾಗದದ ಚೂರು ಸಾಕಾಯಿತು.

ಸ್ಥಾನವನ್ನು ತೋರಿಸಲು ಕೋಕೋ ಪುಡಿಯನ್ನು ಅಡುಗೆ ಎಣ್ಣೆಯಲ್ಲಿ ಕಲಸಿ, ಮೆತ್ತನೆಯ ಕುಂಚದಿಂದ ನನ್ನ ನಾಲಗೆಗೇ ಬಳಿದುಕೊಂಡು, ಒಂದು ಪದ ಹೇಳಿ, ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು ಮೇಲಂಗಳವನ್ನು ನೋಡಿದೆ. ಮೊದಲ ಸಲ ‘ತಾಟು’ ಎಂದದ್ದು ಪೆದ್ದುತನ. ತ ಮತ್ತು ಟ ಎರಡರ ಗುರುತೂ ಕಲಸಿಹೋದವು. ನಾಲಗೆಯ ವ್ಯಂಜನ ಪದಕ್ಕೊಂದೇ ಇರಬೇಕೆಂದು ಆಗ ಹೊಳೆಯಿತು. ಬಾಯಿ ತೊಳೆದು ‘ಆತ’ ಎಂದಾಗ ಕಂದು ಬಣ್ಣ ಮೇಲ್ಹಲ್ಲುಗಳ ಹಿಂಬದಿಗೆ ಅಂಟಿತ್ತು. ‘ಆಟ’ ಎಂದಾಗ ಹಲ್ಲು ಶುಭ್ರವಾಗಿದ್ದು, ಮೇಲ್ಹಲ್ಲುಗಳ ಹಿಂದೆ ಉಬ್ಬಿರುವ ವಸಡಿನ ದಿಂಡಿನ ಆಚೆ ಕಿರಿದಾದ ಪಟ್ಟಿ ಮೂಡಿತ್ತು. ಟವರ್ಗಕ್ಕಿರುವ ಮೂರ್ಧನ್ಯ (ಮೂರ್ಧ ಎಂದರೆ ನೆತ್ತಿ) ಎಂಬ ಹೆಸರು ಕೇಳಿ ನೆತ್ತಿಯವರೆಗೆ ಕಲ್ಪಿಸಿಕೊಂಡಿದ್ದ ಹುಡುಗರು ನಕ್ಕರು.

ಊರಿನ ಟಿಳಕವಾಡಿ ಬಡಾವಣೆಯ ಮರಾಠಿ ಮನೆಮಾತಿನ ಸಹೋದ್ಯೋಗಿಯೊಬ್ಬರು ತಾವೂ ನಾಲಗೆ ಒಡ್ಡಿದರು. ಅವರ ‘ಚಹಾ’ದಲ್ಲಿ ಗುರುತು ದಿಂಡಿನ ಹಿಂದೆ ಅಗಲವಾಗಿ ಬಿದ್ದರೆ, ಕಚ್ಚು ಎಂಬರ್ಥದ ‘ಚಾವ’ದಲ್ಲಿ ಅದು ಹಲ್ಲಿನತ್ತ ಸರಿದಿತ್ತು, ಕಿವಿಗೂ ಅದು ‘ತ್ಸ’ ಎಂದೇ ಕೇಳಿಸುತ್ತದೆ. ಎರಡೂ ಸ್ಪರ್ಶಘರ್ಷಗಳೇ (ಉಸಿರನ್ನು ತಡೆದು ಉಜ್ಜುತ್ತ ಬಿಡುವ ಧ್ವನಿಗಳು), ಮರಾಠಿ ಬರಹದಲ್ಲಿ ಎರಡಕ್ಕೂ ಒಂದೇ ಅಕ್ಷರ, ಆದರೆ ಸ್ಥಾನ ಬೇರೆ. ಅಕ್ಷರವನ್ನು ನೋಡಿ ಧ್ವನಿಯನ್ನು ವಿಂಗಡಿಸಬಾರದು ಎಂದು ನಾನು ವಾರಗಟ್ಟಲೆ ಹೇಳಿದ್ದಕ್ಕಿಂತ ಆ ಎರಡು ಕಲೆಗಳೇ ಹೆಚ್ಚು ಕೆಲಸ ಮಾಡಿದವು.

ಸ್ವರಗಳಿಗೆ ಈ ಉಪಾಯ ನಡೆಯದು, ನಾಲಗೆ ಎಲ್ಲಿಯೂ ಒತ್ತಿ ತಾಗುವುದಿಲ್ಲ. ನಾಲಗೆಯ ಎತ್ತರ, ಅದರ ಯಾವ ಭಾಗ ಏರಿದೆ, ತುಟಿ ದುಂಡಗಿದೆಯೇ ಎಂಬುದನ್ನೇ ಗಮನಿಸಬೇಕು. ನಮ್ಮ ಕಡೆಯ ‘ಬ್ಯಾಡ’ದಲ್ಲಿ ಯಕಾರವಿದೆ ಎಂದು ಇಡೀ ತರಗತಿ ವಾದಿಸಿತು. ಕನ್ನಡಿ ಹಿಡಿದು ‘ಬೇಡ’, ‘ಬ್ಯಾಡ’ ಎರಡನ್ನೂ ಎಳೆದು ಹೇಳಿಸಿದೆ. ನಾಲಗೆ ಮುಂದೆಯೇ ಉಳಿದು ದವಡೆ ಮಾತ್ರ ಕೆಳಗಿಳಿಯಿತು, ನಡುವೆ ಯಕಾರದ ಸುಳಿವಿರಲಿಲ್ಲ. ಸ್ವರಗಳ ಪಟ್ಟಿಯಲ್ಲಿ ‘ಏ’ ಕೆಳಗಿನ ಖಾಲಿ ಮನೆಯಲ್ಲಿ ಆ ಸ್ವರವನ್ನು ಬರೆದುಕೊಂಡೆವು.